ಮೈಬಣ್ಣ ಅನ್ನುವ ಕಾಲಂ

ಪೇಪರಿನ ಒಳಪುಟದಲ್ಲಿ 'ಕಾಣೆಯಾಗಿದ್ದಾರೆ' ಅಂತ ಚಿಕ್ಕದೊಂದು ಪ್ರಕಟಣೆ ಬರುತ್ತದಲ್ಲ, ಅದನ್ನು ನಾನು ತಪ್ಪದೇ ಓದುತ್ತೇನೆ. ಚಟ ಅಂದರೂ ಅನ್ನಿ. ಎತ್ತರ 5.2 ಅಡಿ, ದುಂಡು ಮುಖ, ಎಣ್ಣೆಗೆಂಪು ಮೈಬಣ್ಣ, ಸಾಧಾರಣ ಮೈಕಟ್ಟು, ಕನ್ನಡ ಮಾತನಾಡುತ್ತಾರೆ, ಮನೆಯಿಂದ ಹೋಗುವಾಗ ಹಸಿರು ಸೀರೆ ಉಟ್ಟಿದ್ದರು... ಈ ಧಾಟಿ ನಮಗೆಲ್ಲ ಎಷ್ಟು ಬಾಯಿಪಾಠವಾಗಿದೆ ಅಂದರೆ, 2016ರಲ್ಲಿ ಹೇಮಂತ್ ರಾವ್ ತಮ್ಮ ಸಿನಿಮಾಕ್ಕೆ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' ಅಂತ ಹೆಸರಿಟ್ಟಾಗ ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ. ಮರೆವಿನ ಕಾಯಿಲೆಯ ಅಪ್ಪ ಕಳೆದುಹೋಗುತ್ತಾನೆ, ಮಗ ಹುಡುಕುತ್ತಾನೆ. ಹೆಸರು ಕೇಳಿದೊಡನೆ ಅರ್ಧ ಕಥೆ ತಿಳಿದುಬಿಡುತ್ತದೆ.

ಗೋಧಿ ಬಣ್ಣ, ಎಣ್ಣೆಗೆಂಪು, ಸಾದಗಪ್ಪು, ಕಪ್ಪು. ಇವೇ ಮಾತುಗಳು ಇನ್ನೊಂದು ಕಾಗದದಲ್ಲೂ ಸಿಗುತ್ತವೆ, ಮದುವೆಗೆ ಕೊಡುವ ಬಯೋಡಾಟಾದಲ್ಲಿ. ಕಳೆದುಹೋದವರನ್ನು ಹುಡುಕಿಕೊಳ್ಳಲು ಇರುವ ಕಾಲಂ, ಎದುರಿಗೆ ಕೂತ ಹುಡುಗಿಯನ್ನು ಬೇಡ ಅನ್ನಲಿಕ್ಕೆ ಹೇಗೆ ಬಂತು? ಈ ಪ್ರಶ್ನೆ ಬಹಳ ದಿನದಿಂದ ತಲೆಯಲ್ಲಿ ಕೊರೆಯುತ್ತಿತ್ತು. ಹುಡುಕುತ್ತ ಹೋದವನಿಗೆ ನಮ್ಮ ಕಲಾದಗಿಯೇ ಸಿಕ್ಕಿತು. ಸ್ವಲ್ಪ ಉದ್ದ ಆಗುತ್ತದೆ, ಸಾವಕಾಶ ಓದಿ.

ಮೊದಲು ನಮ್ಮ ದೊಡ್ಡವ್ವನ ವಿಷಯ ಹೇಳಿಬಿಡುತ್ತೇನೆ. ಅವಳು ಹುಟ್ಟಿದ್ದು ಕಲಾದಗಿಯಲ್ಲಿ. ಹೆಸರಿನಲ್ಲೇ 'ಗೌರಿ' ಇದ್ದಳು. ಗೌರಿ ಅಂದರೆ ಬೆಳ್ಳಗಿನವಳು. ಆದರೆ ದೊಡ್ಡವ್ವ ಕಪ್ಪು. ಸಾದಗಪ್ಪೂ ಅಲ್ಲ, ಎರಿ ಹೊಲದ ಕಪ್ಪು. ಅವಳನ್ನು ನೋಡಲು ಎಷ್ಟು ಕಡೆಯವರು ಬಂದು ಅವಲಕ್ಕಿ ತಿಂದು ಹೋದರೋ ಮನೆಯಲ್ಲಿ ಯಾರಿಗೂ ಲೆಕ್ಕ ನೆನಪಿಲ್ಲ. ಕೊನೆಗೆ ಇಳಕಲ್ಲಿನ ನೇಕಾರರ ಮನೆಯೊಂದಕ್ಕೆ ಎರಡನೇ ಸಂಬಂಧ ಅಂತ ಕೊಟ್ಟರು. ಮಾತುಕತೆಯಲ್ಲಿ ಗೊತ್ತಾದ ಬಂಗಾರಕ್ಕಿಂತ ಮೂರು ತೊಲಿ ಹೆಚ್ಚು ಹಾಕಬೇಕಾಯಿತು. "ಹುಡುಗಿ ಸ್ವಲ್ಪ ಕರ್ರಗ ಅದಾಳಲ್ರೀ, ಅದಕ್ಕ" ಅಂದರಂತೆ. ಹೀಗೆ ನಮ್ಮ ಮನೆಯಲ್ಲಿ ಕಪ್ಪು ಬಣ್ಣದ ಬೆಲೆ ಮೂರು ತೊಲಿ ಅಂತ ಒಂದು ಸಲ ತೀರ್ಮಾನವಾಗಿತ್ತು. ಇದನ್ನು ದೊಡ್ಡವ್ವ ನನಗೆ ಹೇಳಿದ್ದು ನಕ್ಕೋತ. ಆ ನಗುವಿನ ಅರ್ಥ ನನಗೆ ಹೊಳೆದದ್ದು ಬಹಳ ತಡವಾಗಿ.

ಇರಲಿ, ಇತಿಹಾಸಕ್ಕೆ ಬರೋಣ.

'ಚಹರೆ' ಪಾರ್ಸಿಯಿಂದ ಬಂದ ಮಾತು. ಮುಖ ಅಂತ ಅರ್ಥ. ಅಕ್ಬರನ ಕಾಲದಿಂದ ಮೊಗಲರ ಸೈನ್ಯದಲ್ಲಿ ಕುದುರೆಗೆ ಬರೆ ಹಾಕಿ ಗುರುತು ಮಾಡುತ್ತಿದ್ದರು, ಸವಾರನ ರೂಪ ಬರೆದಿಡುತ್ತಿದ್ದರು. ಮೊದಲನೆಯದು ದಾಗ್, ಎರಡನೆಯದು ಚಹರಾ. ಕಾರಣ ಸರಳ. ನೂರು ಸವಾರರ ಸಂಬಳ ಎಣಿಸಿಕೊಂಡು ಅರವತ್ತೇ ಜನರನ್ನು ಇಟ್ಟುಕೊಳ್ಳುವ, ತಪಾಸಣೆಯ ದಿನ ಯಾರ್‍ಯಾರನ್ನೋ ತಂದು ನಿಲ್ಲಿಸುವ ಸರದಾರರಿದ್ದರು. ಅದನ್ನು ತಡೆಯಲು ಹೆಸರು, ತಂದೆಯ ಹೆಸರು, ಊರು, ಹಣೆ, ಹುಬ್ಬು, ಮಚ್ಚೆ, ಮೈಬಣ್ಣ ಎಲ್ಲ ಬರೆದಿಡುತ್ತಿದ್ದರು. ಆ ಪಟ್ಟಿಗಳಲ್ಲಿ ಬಳಕೆಯಲ್ಲಿದ್ದ ಒಂದು ಮಾತು 'ಗಂದುಂ ರಂಗ್'. ಗಂದುಂ ಅಂದರೆ ಗೋಧಿ! ನಮ್ಮ ಪೊಲೀಸ್ ಪ್ರಕಟಣೆಯ ಗೋಧಿ ಬಣ್ಣಕ್ಕೆ ಇಷ್ಟು ಹಳೆಯ ಅಣ್ಣನಿದ್ದಾನೆ ಅಂತ ತಿಳಿದಾಗ ನನಗಂತೂ ಖುಷಿಯಾಯಿತು.

ಇಲ್ಲಿ ಒಂದು ಅಂಶ ಗಮನಿಸಿ. ಆ ಕಾಲಂನಲ್ಲಿ ಬಣ್ಣ ಒಬ್ಬ ಮನುಷ್ಯನದು. ಇಂಥವನ ಮಗ ಇಂಥವನ ಬಣ್ಣ. ಅವನನ್ನು ಇನ್ನೊಬ್ಬನಿಂದ ಬೇರೆ ಮಾಡಿ ಗುರುತಿಸಲು ಅದು ಬೇಕಿತ್ತು, ಅಷ್ಟೇ.

ಹಾಗಂತ ಆಗಿನವರಿಗೆ ಬಣ್ಣದ ತಾತ್ಸಾರ ಇರಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಇಥಿಯೋಪಿಯಾದಲ್ಲಿ ಹುಟ್ಟಿ, ಕೈಯಿಂದ ಕೈಗೆ ಗುಲಾಮನಾಗಿ ಮಾರಾಟವಾಗಿ ದಖ್ಖನ್ನಿಗೆ ಬಂದ ಮಲಿಕ್ ಅಂಬರ್ ಅಹಮದನಗರದ ರಾಜ್ಯವನ್ನೇ ನಡೆಸಿದ. ಮೊಗಲ್ ಸೈನ್ಯವನ್ನು ವರ್ಷಗಟ್ಟಲೆ ಕಾಡಿದ. ಅವನನ್ನು ಸೋಲಿಸಲಾಗದ ಜಹಾಂಗೀರ್ ತನ್ನ ಆತ್ಮಕಥೆಯಲ್ಲಿ ಅವನ ಕಪ್ಪು ಮುಖವನ್ನೇ ಹಿಡಿದು ಬೈದಿದ್ದಾನೆ. 1616ರ ಸುಮಾರಿಗೆ ಅಬುಲ್ ಹಸನ್ ಅನ್ನುವ ಕಲಾವಿದ ಬರೆದ ಒಂದು ಚಿತ್ರದಲ್ಲಿ ಜಹಾಂಗೀರ್ ಭೂಗೋಳದ ಮೇಲೆ ನಿಂತು ಅಂಬರನ ಕಡಿದ ತಲೆಗೆ ಬಾಣ ಬಿಡುತ್ತಿದ್ದಾನೆ. ನಿಜದಲ್ಲಿ ಅಂಬರ್ 1626ರವರೆಗೆ ಬದುಕಿದ್ದ. ಗೆಲ್ಲಲಾಗದವನನ್ನು ಬಣ್ಣ ಎತ್ತಿ ಬೈಯುವುದು ನಿನ್ನೆ ಮೊನ್ನೆಯ ಚಾಳಿಯಲ್ಲ.

ಅದೇ ಶತಮಾನದಲ್ಲಿ ನಮ್ಮ ಬಿಜಾಪುರದ ಇನ್ನೊಂದು ಚಿತ್ರವಿದೆ. 1645ರ ಸುಮಾರಿನದು, ಹೈದರ್ ಅಲಿ ಮತ್ತು ಇಬ್ರಾಹಿಂ ಖಾನ್ ಅನ್ನುವ ಇಬ್ಬರು ಬರೆದದ್ದು. ಆನೆಯ ಮೇಲೆ ಸುಲ್ತಾನ ಮುಹಮ್ಮದ್ ಆದಿಲ್ ಶಾ, ಅಂದರೆ ಗೋಲಗುಮ್ಮಟದಲ್ಲಿ ಮಲಗಿರುವವನೇ. ಅವನ ಹಿಂದೆ, ಅದೇ ಆನೆಯ ಮೇಲೆ, ಕಡುಗಪ್ಪು ಮುಖದ ಇಖ್ಲಾಸ್ ಖಾನ್ ಕೂತಿದ್ದಾನೆ. ಅವನು ಹಬಶಿ, ಆಫ್ರಿಕಾ ಮೂಲದವನು. ಆದಿಲಶಾಹಿಯ ಸೇನಾಪತಿ, ಆಡಳಿತದ ಬಲಗೈ. ಚಿತ್ರಕಾರರು ಅವನ ಬಣ್ಣವನ್ನು ಒಂದಿಷ್ಟೂ ತಿಳಿ ಮಾಡಿಲ್ಲ. ಇದ್ದ ಹಾಗೆ ಕಪ್ಪಗೆ, ಗತ್ತಿನಿಂದ ಬರೆದಿದ್ದಾರೆ. ಬಾದಾಮಿ, ಬಾಗಲಕೋಟೆಯ ಸೀಮೆಯೆಲ್ಲ ಆಗ ಆ ದರ್ಬಾರಿಗೆ ಸೇರಿದ್ದು. ನಮ್ಮ ಮುತ್ತಜ್ಜಂದಿರ ಮುತ್ತಜ್ಜಂದಿರು ಕಂದಾಯ ಕೊಡುತ್ತಿದ್ದ ರಾಜ್ಯದಲ್ಲಿ ಅಂಥ ಒಬ್ಬ ವಜೀರನಿದ್ದ ಅನ್ನುವುದು ನಮ್ಮ ಶಾಲೆಯ ಪುಸ್ತಕದಲ್ಲಿ ನನಗೆ ಸಿಗಲಿಲ್ಲ.

ಈಗ ಇನ್ನೂರು ವರ್ಷ ದಾಟಿ ಬನ್ನಿ. ಕಲಾದಗಿಗೆ.

ಇವತ್ತು ಕಲಾದಗಿ ಅಂದರೆ ದಾಳಿಂಬೆ, ಚಿಕ್ಕು. ಬಾಗಲಕೋಟೆಯಿಂದ ಪಶ್ಚಿಮಕ್ಕೆ, ಘಟಪ್ರಭೆಯ ದಂಡೆಯ ಮೇಲಿನ ಒಂದು ಊರು. ಭೂವಿಜ್ಞಾನ ಓದಿದವರಿಗೆ ಕಲಾದಗಿ ಶಿಲೆಗಳು ಗೊತ್ತಿರಬಹುದು. ಆದರೆ ಒಂದು ಕಾಲಕ್ಕೆ ಇದು ಜಿಲ್ಲಾ ಕೇಂದ್ರ. ಮುಂಬೈ ಇಲಾಖೆಯ ಕಲಾದಗಿ ಜಿಲ್ಲೆ. ಇಲ್ಲಿ ದಂಡಿನ ಠಾಣ್ಯವಿತ್ತು, ಕಲೆಕ್ಟರ ಕಚೇರಿಯಿತ್ತು. 1885ರಲ್ಲಿ ಕಚೇರಿ ಬಿಜಾಪುರಕ್ಕೆ ಹೋಯಿತು, ಜಿಲ್ಲೆಯ ಹೆಸರೂ ಬದಲಾಯಿತು. ಬಾಗಲಕೋಟೆ ಬೇರೆ ಜಿಲ್ಲೆಯಾಗಿ ಮರಳಿ ಬಂದದ್ದು 1997ರಲ್ಲಿ.

1857ರಲ್ಲಿ ಇಲ್ಲಿಂದ ದೂರವಲ್ಲದ ಹಲಗಲಿಯ ಬೇಡರು ಆಯುಧ ಒಪ್ಪಿಸುವುದಿಲ್ಲ ಅಂತ ಎದ್ದು ನಿಂತದ್ದು, ಊರು ಸುಟ್ಟು ಮುಖಂಡರನ್ನು ಗಲ್ಲಿಗೇರಿಸಿದ್ದು ಲಾವಣಿಗಳಿಂದ ನಮಗೆಲ್ಲ ಗೊತ್ತು. ಆ ವರ್ಷದ ನಂತರ ಸರ್ಕಾರಕ್ಕೆ ಜನರನ್ನು ತಿಳಿದುಕೊಳ್ಳುವ ಹಸಿವು ಹೆಚ್ಚಾಯಿತು. ಯಾರು ಯಾವ ಜಾತಿ, ಯಾರು ನಂಬಿಕಸ್ಥರು, ಯಾರು ತಂಟೆಕೋರರು, ಎಲ್ಲ ಬರೆದಿಡಬೇಕು. ಜೇಮ್ಸ್ ಕ್ಯಾಂಬೆಲ್ ಸಂಪಾದಿಸಿದ ಮುಂಬೈ ಗೆಜೆಟಿಯರ್ ಮಾಲೆ ಹೊರಟಿದ್ದು ಈ ಕಾಲದಲ್ಲಿ. ಅದರ 23ನೇ ಸಂಪುಟ ನಮ್ಮ ಜಿಲ್ಲೆಯದು, ಪ್ರಕಟವಾದದ್ದು 1884ರಲ್ಲಿ.

ಗೆಜೆಟಿಯರನ್ನು ಬರೀ ಬೈಯುವವನು ನಾನಲ್ಲ. ನಮ್ಮ ಊರುಗಳ ಕೆರೆ, ಪೇಟೆ, ಮಗ್ಗ, ಬರಗಾಲ, ಗುಡಿಗಳ ಬಗ್ಗೆ ಅಷ್ಟು ಒಪ್ಪವಾಗಿ ಬರೆದಿಟ್ಟವರು ಬೇರೆ ಯಾರಿದ್ದಾರೆ? ಆದರೆ ಅದರ ಜನಸಂಖ್ಯೆಯ ಅಧ್ಯಾಯ ತೆಗೆದು ನೋಡಿ. ಒಂದೊಂದು ಜಾತಿಗೂ ಒಂದೊಂದು ಟಿಪ್ಪಣಿ. ಎಷ್ಟು ಜನ, ಎಲ್ಲಿದ್ದಾರೆ, ಮನೆಮಾತು ಯಾವುದು, ನೋಡಲಿಕ್ಕೆ ಹೇಗೆ, ಏನು ತಿನ್ನುತ್ತಾರೆ, ಏನು ಉಡುತ್ತಾರೆ, ಗುಣ ಎಂಥದು. 'ನೋಡಲಿಕ್ಕೆ ಹೇಗೆ' ಅನ್ನುವಲ್ಲಿ ಬಣ್ಣ ಬರುತ್ತದೆ. ಈ ಜಾತಿಯವರು ಬೆಳ್ಳಗೆ, ಆ ಜಾತಿಯವರು ಕಪ್ಪು. ಕೆಲವೇ ಸಾಲು ಕೆಳಗೆ ಗುಣ ಬರುತ್ತದೆ. ಇವರು ಚುರುಕು, ಅವರು ಸೋಮಾರಿ. ಬಣ್ಣ, ಜಾತಿ, ಗುಣ ಒಂದೇ ಪ್ಯಾರಾದಲ್ಲಿ, ಸರ್ಕಾರದ ಮುದ್ರೆಯೊಂದಿಗೆ.

ಓದುವಾಗ ನನಗೆ ಇನ್ನೊಂದು ಸಂಗತಿ ಚುಚ್ಚಿತು. 1876-78ರ ಘೋರ ಬರ ನಮ್ಮ ಜಿಲ್ಲೆಯನ್ನು ಕೊಚ್ಚಿ ಹಾಕಿತ್ತು. 1872ರಲ್ಲಿ 8 ಲಕ್ಷ ಮೀರಿದ್ದ ಜನಸಂಖ್ಯೆ 1881ರ ಹೊತ್ತಿಗೆ ಸುಮಾರು 6 ಲಕ್ಷ 38 ಸಾವಿರಕ್ಕೆ ಇಳಿದಿತ್ತು. ಸತ್ತವರು ಸತ್ತು, ಗುಳೆ ಹೋದವರು ಹೋಗಿ, ಉಳಿದವರು ಇನ್ನೂ ಸುಧಾರಿಸಿಕೊಳ್ಳುತ್ತಿದ್ದರು. ಬಿಸಿಲಲ್ಲಿ ಕೆರೆ ತೋಡಿ, ಕಲ್ಲು ಒಡೆದು ಜೀವ ಹಿಡಿದುಕೊಂಡವರು. ಅವರನ್ನು ನೋಡಿ 'ಇವರು ಕಪ್ಪು' ಅಂತ ಬರೆದರೆ, ಅದು ಜಾತಿಯ ಬಣ್ಣವೋ, ಬಿಸಿಲಿನ ಬಣ್ಣವೋ, ಹಸಿವಿನ ಬಣ್ಣವೋ?

ಮೊಗಲರ ಚಹರೆಗೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲೇ ಇದೆ. ಚಹರೆಯಲ್ಲಿ ಬಣ್ಣ ಒಬ್ಬನದಾಗಿತ್ತು. ಇಲ್ಲಿ ಇಡೀ ಜಾತಿಗೆ ಒಂದು ಬಣ್ಣ ಬರೆಯಲಾಯಿತು. ನಮ್ಮ ಯಾವ ಮನೆಗೆ ಬೇಕಾದರೂ ಬಂದು ನೋಡಲಿ. ನಮ್ಮವ್ವ ಎಣ್ಣೆಗೆಂಪು, ಅವಳ ಸ್ವಂತ ಅಕ್ಕ ಈ ದೊಡ್ಡವ್ವ ಕಪ್ಪು. ಒಂದೇ ಬಸಿರು, ಒಂದೇ ಅಡಿಗೆಮನೆ. ಅವರಿಬ್ಬರನ್ನು ಯಾವ ಸಾಲಿನಲ್ಲಿ ಬರೆಯುತ್ತಿದ್ದರು?

ಮುಂದಿನ ಹೆಜ್ಜೆ ಇನ್ನೂ ವಿಚಿತ್ರ. 1901ರ ಜನಗಣತಿಯ ಕಮಿಷನರ್ ಆಗಿದ್ದ ಹರ್ಬರ್ಟ್ ರಿಸ್ಲೆ ಜಾತಿಗಳನ್ನು ಸಾಮಾಜಿಕ ಸ್ಥಾನದ ಪ್ರಕಾರ ಮೇಲಿನಿಂದ ಕೆಳಗೆ ಜೋಡಿಸಲು ಹೊರಟ. ತಮ್ಮನ್ನು ಮೇಲೆ ಹಾಕಿ ಅಂತ ಬಂದ ಅರ್ಜಿಗಳಿಗೆ ಲೆಕ್ಕವಿಲ್ಲ. ಜನರ ಮೂಗು, ತಲೆಬುರುಡೆ ಅಳೆದು, ಮೂಗು ಅಗಲವಾದಷ್ಟೂ ಜಾತಿ ಕೆಳಗೆ ಅಂತ ಅವನ ಸಿದ್ಧಾಂತ. 1908ರ ತನ್ನ ಪುಸ್ತಕದಲ್ಲಿ ಭಾರತದ ಜನರನ್ನು ಏಳು ಮಾದರಿಗಳಾಗಿ ವಿಂಗಡಿಸಿದ. ದ್ರಾವಿಡರ ಬಣ್ಣ ಕಪ್ಪಿಗೆ ಹತ್ತಿರ ಅಂದ. ಮಜಾ ಅಂದರೆ ನಮ್ಮ ಕೊಡವರನ್ನು ಮರಾಠರ ಜೊತೆ 'ಸಿಥಿಯನ್-ದ್ರಾವಿಡ' ಅನ್ನುವ ಗುಂಪಿಗೆ ಹಾಕಿದ! ಯುರೋಪಿನಲ್ಲಿ ಫೆಲಿಕ್ಸ್ ಫಾನ್ ಲುಶಾನ್ ಅನ್ನುವವನು ಬಣ್ಣಬಣ್ಣದ 36 ಗಾಜಿನ ಬಿಲ್ಲೆ ಮಾಡಿಸಿ, ಚರ್ಮದ ಪಕ್ಕ ಹಿಡಿದು ನಂಬರ್ ಕೊಡುವ ಪದ್ಧತಿ ತಂದಿದ್ದ. ಸೀರೆ ಅಂಗಡಿಯಲ್ಲಿ ಕುಪ್ಪಸಕ್ಕೆ ಖಣ ಹೊಂದಿಸಿದ ಹಾಗೆ.

ಇದಕ್ಕೆ ನೇರ ಉತ್ತರ ಕೊಟ್ಟವರಲ್ಲಿ ಅಂಬೇಡ್ಕರ್ ಒಬ್ಬರು. 1948ರ ತಮ್ಮ 'ದಿ ಅನ್‌ಟಚಬಲ್ಸ್' ಪುಸ್ತಕದಲ್ಲಿ ಅವರು ಈ ಅಳತೆಗಳನ್ನೇ ಎದುರಿಗಿಟ್ಟು, ನಿಮ್ಮ ಮೂಗಿನ ಲೆಕ್ಕವೇ ನಿಜವಾದರೆ ಬ್ರಾಹ್ಮಣರೂ ಅಸ್ಪೃಶ್ಯರೂ ಒಂದೇ ಜನಾಂಗ ಎಂದಾಗುತ್ತದೆ ಅಂತ ವಾದಿಸಿದರು. ಅಸ್ಪೃಶ್ಯತೆ ಬಂದದ್ದು ರಕ್ತದಿಂದಲ್ಲ, ಸಮಾಜದಿಂದ ಅನ್ನುವುದು ಅವರ ಮಾತು. ಈಗಿನ ವಿಜ್ಞಾನವೂ ಜಾತಿಗೊಂದು ಬಣ್ಣ ಅನ್ನುವ ಕಥೆಯನ್ನು ಒಪ್ಪುವುದಿಲ್ಲ. 2005ರಲ್ಲಿ ಒಂದು ಚಿಕ್ಕ ಮೀನಿನ ಅಧ್ಯಯನದಿಂದ ಎಸ್‌ಎಲ್‌ಸಿ24ಎ5 ಅನ್ನುವ ಜೀನ್ ಬೆಳಕಿಗೆ ಬಂತು. ಅದರಲ್ಲಿ ಒಂದೇ ಒಂದು ಅಕ್ಷರ ಬದಲಾದರೆ ಚರ್ಮ ತಿಳಿಯಾಗುತ್ತದೆ. ಹೈದರಾಬಾದಿನ ಸಿಸಿಎಂಬಿಯ ವಿಜ್ಞಾನಿಗಳು ಸೇರಿ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಯುರೋಪಿನವರಲ್ಲಿರುವ ಅದೇ ಬದಲಾವಣೆ ನಮ್ಮಲ್ಲೂ ಇದೆ, ಎರಡಕ್ಕೂ ಮೂಲ ಒಂದೇ. ನಮ್ಮವ್ವನಿಗೂ ದೊಡ್ಡವ್ವನಿಗೂ ನಡುವೆ ಇದ್ದದ್ದು ಇಂಥ ಕೆಲವು ಅಕ್ಷರಗಳ ವ್ಯತ್ಯಾಸ. ಅದಕ್ಕೆ ಮೂರು ತೊಲಿ.

ಇಲ್ಲಿಗೆ ನಿಲ್ಲಿಸಿದರೆ 'ಎಲ್ಲ ಬ್ರಿಟಿಷರು ಮಾಡಿದ್ದು' ಅಂತ ಕೈ ತೊಳೆದುಕೊಳ್ಳಬಹುದು. ನಾನೂ ಕೆಲವು ವರ್ಷ ಹಾಗೇ ವಾದ ಮಾಡುತ್ತಿದ್ದೆ. ನಮ್ಮಲ್ಲಿ ಕಪ್ಪಿಗೆ ಎಷ್ಟು ಮರ್ಯಾದೆ ನೋಡಿ ಅಂತ ಪಟ್ಟಿ ಕೊಡುತ್ತಿದ್ದೆ. ಬಾದಾಮಿಯ ಬನಶಂಕರಿ ಕರಿ ಕಲ್ಲಿನ ಮೂರ್ತಿ, ಬನದ ಹುಣ್ಣಿಮೆಗೆ ಲಕ್ಷಗಟ್ಟಲೆ ಜನ. ಪಂಢರಪುರದ ವಿಠ್ಠಲ ಕಪ್ಪು. ಕೃಷ್ಣನ ಹೆಸರಿನ ಅರ್ಥವೇ ಕಪ್ಪು. ದ್ರೌಪದಿಗೆ ಕೃಷ್ಣೆ ಅಂತ ಹೆಸರು ಬಂದದ್ದು ಬಣ್ಣದಿಂದ. ಭಾರತ ಬರೆದ ವ್ಯಾಸ ಕೃಷ್ಣದ್ವೈಪಾಯನ. ಅವನನ್ನು ಕಂಡು ಬಿಳಿಚಿಕೊಂಡ ಅಂಬಾಲಿಕೆಗೆ ಹುಟ್ಟಿದವನು ಪಾಂಡು. ಆ ಕಥೆಯಲ್ಲಿ ಬಿಳುಪೇ ದೋಷ. ನಮ್ಮೂರಲ್ಲಿ ಕರಿಯಪ್ಪ, ಕರೆವ್ವ, ಕರಿಬಸಪ್ಪ, ಕಾಳವ್ವ ಅಂತ ಹೆಸರಿಡುತ್ತಾರೆ. ಹೊಲ ಕೊಳ್ಳುವಾಗ ಮಸಾರಿಗಿಂತ ಕರಿ ಎರಿ ಭೂಮಿಗೇ ಹೆಚ್ಚು ಬೆಲೆ. ಇಳಕಲ್ಲಿನ ಮಗ್ಗದಲ್ಲಿ ಚಂದ್ರಕಾಳಿ ಅನ್ನುವ ಕರಿ ಸೀರೆ, ಅದಕ್ಕೆ ಕೆಂಪು ಸೆರಗು. ಉಟ್ಟರೆ ಹೆಣ್ಣಿನ ಕಳೆಯೇ ಬೇರೆ.

ಈ ಪಟ್ಟಿಯನ್ನು ಒಂದು ಸಲ ದೊಡ್ಡವ್ವನ ಮುಂದೆ ಒಪ್ಪಿಸಿದೆ. ಅವಳು ಕಂಡಿಕಿ ಸುತ್ತುತ್ತ ಕೂತಿದ್ದಳು. ಮಗ್ಗದ ಕುಣಿಯಲ್ಲಿ ಕೂತು ನೇಯುವವರಿಗೆ ನೂಲು ಸುತ್ತಿ ಕೊಡುವುದು ಅವಳ ಐವತ್ತು ವರ್ಷದ ಕೆಲಸ. ತಲೆ ಎತ್ತದೆ ಹೇಳಿದಳು: "ಸೀರಿ ಕರೇದು ಬೇಕು, ದೇವಿ ಕರೇಕಿ ಬೇಕು, ಹೊಲಾ ಕರೇದು ಬೇಕು. ಸೊಸಿ ಮಾತ್ರ ಕೆಂಪಗ ಇರಬೇಕು. ಅದೆಂಥಾ ನ್ಯಾಯ ತಮ್ಮಾ?"

ಗೆಜೆಟಿಯರಿನ ಯಾವ ಪುಟವನ್ನೂ ಓದದ ದೊಡ್ಡವ್ವ ನನ್ನ ವಾದದ ಬುಡಕ್ಕೇ ಕೊಡಲಿ ಹಾಕಿದಳು. ಅವಳನ್ನು ಬೇಡ ಅಂದವರ್‍ಯಾರೂ ರಿಸ್ಲೆಯ ಹೆಸರು ಕೇಳಿದವರಲ್ಲ. ಅವರೆಲ್ಲ ಬನಶಂಕರಿಗೆ ನಡೆದುಕೊಳ್ಳುವವರೇ. ನಮ್ಮ ಆಡುಮಾತನ್ನೇ ನೋಡಿ, ನಮ್ಮ ಕಡೆ ಬೆಳ್ಳಗಿದ್ದವರನ್ನು 'ಕೆಂಪಗ ಅದಾರ' ಅನ್ನುತ್ತೇವೆ, ಅದು ಹೊಗಳಿಕೆ. 'ಕರ್ರಗ ಅದಾಳ' ಅಂದ ಕೂಡಲೇ 'ಆದ್ರ ಲಕ್ಷಣ ಅದಾಳ' ಅಂತ ಒಂದು ಬಾಲ ಸೇರಿಸುತ್ತೇವೆ. ಆ 'ಆದ್ರ' ಯಾವ ಸಾಹೇಬನೂ ಕೊಟ್ಟದ್ದಲ್ಲ. ಬಿಸಿಲಲ್ಲಿ ಕಳೆ ತೆಗೆಯುವವರು, ಇಟ್ಟಂಗಿ ಹೊರುವವರು, ಇಳಕಲ್ಲಿನ ಕೆಂಪು ಗ್ರಾನೈಟಿನ ಕ್ವಾರಿಯಲ್ಲಿ ಕಲ್ಲು ಒಡೆಯುವವರು ಕಪ್ಪಾಗುತ್ತಾರೆ. ನೆರಳಲ್ಲಿ ಕೂತವರು ತಿಳಿಯಾಗಿ ಉಳಿಯುತ್ತಾರೆ. ಬಿಳುಪು ಅಂದರೆ ದುಡಿಯದೆ ಉಣ್ಣುವ ಮನೆತನದ ಗುರುತು ಅಂತ ನಮ್ಮವರು ಎಂದೋ ತಿಳಿದುಕೊಂಡಿದ್ದರು. ಸಾಹೇಬರ ಪುಸ್ತಕ ಆ ತಿಳಿವಳಿಕೆಗೆ ಅಚ್ಚಿನ ರೂಪ ಕೊಟ್ಟಿತು, ವಿಜ್ಞಾನದ ಹೆಸರು ಕೊಟ್ಟಿತು.

ಬಣ್ಣಕ್ಕೆ ದರ ಹಚ್ಚುವ ಕೆಲಸ ಪೇಟೆ ಮಾಡಿತು. ಅದು ಮೂರನೆಯ ಅಧ್ಯಾಯ.

1894ರಲ್ಲಿ ರಾಜಾ ರವಿವರ್ಮ ಮುಂಬೈಯಲ್ಲಿ ಮುದ್ರಣಾಲಯ ತೆರೆದ. ದೇವಿಯರ ಬಣ್ಣದ ಪಟಗಳು ಮನೆಮನೆಗೆ ಬಂದವು. ಆ ಲಕ್ಷ್ಮಿ, ಸರಸ್ವತಿಯರೆಲ್ಲ ಬೆಳ್ಳಗಿನವರು. ನಂತರದ ಕ್ಯಾಲೆಂಡರುಗಳಲ್ಲಿ ದ್ರೌಪದಿಯೂ ಬೆಳ್ಳಗಾದಳು, ಕಪ್ಪು ಕೃಷ್ಣ ತಿಳಿನೀಲಿಯಾದ. ನಮ್ಮ ಕಡೆಯ ಕೃಷ್ಣ ಪಾರಿಜಾತದ ಆಟದಲ್ಲಿ ಎಷ್ಟೋ ಸಲ ನೋಡಿದ್ದೇನೆ, ಕಪ್ಪು ದೇವರ ಪಾತ್ರ ಮಾಡುವ ಕಪ್ಪು ಮನುಷ್ಯ ಮುಖಕ್ಕೆ ಸಫೇದ ಬಳಿದುಕೊಂಡು ಕುಣಿಯುತ್ತಾನೆ. ಆಮೇಲೆ ಫೋಟೋ ಸ್ಟುಡಿಯೋ ಬಂದವು. ಹೆಣ್ಣು ತೋರಿಸುವ ಫೋಟೋ ತೆಗೆಸುವಾಗ "ಸ್ವಲ್ಪ ಲೈಟ್ ಮಾಡ್ರಿ" ಅಂತ ಹೇಳುವುದು ಮಾಮೂಲು. ದೊಡ್ಡವ್ವನ ಒಂದು ಕಪ್ಪುಬಿಳುಪು ಫೋಟೋ ಇದೆ. ಅದರಲ್ಲಿ ಅವಳ ಮುಖ ಬೆಳ್ಳಗೆ, ಕೈ ಮಾತ್ರ ಕಪ್ಪು. ಮುಖವನ್ನಷ್ಟೇ ತಿದ್ದಿ ಕೈ ಮರೆತಿದ್ದಾರೆ!

1975ರಲ್ಲಿ ಫೇರ್ ಅಂಡ್ ಲವ್ಲಿ ಪೇಟೆಗೆ ಬಂತು. ಕಪ್ಪಗಿದ್ದಾಗ ಹುಡುಗಿಗೆ ಗಂಡೂ ಇಲ್ಲ, ನೌಕರಿಯೂ ಇಲ್ಲ, ಹಚ್ಚಿಕೊಂಡ ಮೇಲೆ ಎರಡೂ ಸಿಗುತ್ತದೆ ಅನ್ನುವ ಜಾಹೀರಾತು ನೋಡುತ್ತ ನಾವು ಬೆಳೆದೆವು. ಗಂಡಸರಿಗೆ ಅಂತ ಫೇರ್ ಅಂಡ್ ಹ್ಯಾಂಡ್ಸಮ್ 2005ರಲ್ಲಿ ಬಂತು. ಕಪ್ಪಗಿರುವವರನ್ನು ಕೀಳಾಗಿ ತೋರಿಸಬೇಡಿ ಅಂತ ಜಾಹೀರಾತು ಮಂಡಳಿಯವರು 2014ರಲ್ಲಿ ನಿಯಮ ಮಾಡಿದರು. 2020ರಲ್ಲಿ, ಅಮೆರಿಕದಲ್ಲಿ ಜಾರ್ಜ್ ಫ್ಲಾಯ್ಡ್ ಕೊಲೆಯ ಮೇಲೆ ಜಗತ್ತಿನಲ್ಲೆಲ್ಲ ಜನ ಬೀದಿಗಿಳಿದಾಗ, ಕಂಪನಿ ತನ್ನ ಕ್ರೀಮಿನ ಹೆಸರಿನಿಂದ 'ಫೇರ್' ತೆಗೆದು 'ಗ್ಲೋ' ಹಾಕಿತು. ಅದೇ ವರ್ಷ ಶಾದಿ ಡಾಟ್ ಕಾಂ ಮೈಬಣ್ಣದ ಫಿಲ್ಟರನ್ನು ಕಿತ್ತು ಹಾಕಿತು. ಅಂದರೆ ಕಾಲಂ ಅಷ್ಟು ದಿನ ಅಲ್ಲೂ ಇತ್ತು.

ಕ್ರೀಮಿನ ಹೆಸರು ಬದಲಾದರೆ ಅಂಗಡಿ ಮುಚ್ಚುವುದಿಲ್ಲ. ಇಲ್ಲಿ ನನ್ನ ಹೊಟ್ಟೆ ಉರಿಯುವ ಸಂಗತಿ ಹೇಳುತ್ತೇನೆ. ದೊಡ್ಡವ್ವನ ಮೊಮ್ಮಗಳು, ಅಂದರೆ ನನ್ನ ಅಣ್ಣನ ಮಗಳು, ಇಂಜಿನಿಯರಿಂಗ್ ಓದುವಾಗ ಗೆಳತಿಯೊಬ್ಬಳ ಮಾತು ಕೇಳಿ ಔಷಧಿ ಅಂಗಡಿಯಿಂದ ಒಂದು ಟ್ಯೂಬ್ ತಂದು ಹಚ್ಚಿಕೊಂಡಳು. ಚೀಟಿ ಕೇಳಲಿಲ್ಲ, ಕೊಟ್ಟರು. ಮೂರು ವಾರದಲ್ಲಿ ಮುಖ ತಿಳಿಯಾಯಿತು, ಮನೆಯವರೂ ಖುಷಿಪಟ್ಟರು. ನಾಲ್ಕು ತಿಂಗಳಿಗೆ ಚರ್ಮ ತೆಳ್ಳಗಾಗಿ ಬಿಸಿಲಿಗೆ ಹೋದರೆ ಬೆಂಕಿ ಇಟ್ಟ ಹಾಗೆ ಉರಿ, ಕೆಂಪು ದದ್ದು, ಮೊಡವೆ. ಬಿಟ್ಟರೆ ಇನ್ನೂ ಹೆಚ್ಚು. ಚರ್ಮದ ಡಾಕ್ಟರು ನೋಡಿ ಅದು ಸ್ಟೀರಾಯ್ಡ್ ಅಂದರು. ಇಂಥ ಮುಲಾಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಕೊಡಬಾರದು ಅಂತ 2018ರಲ್ಲೇ ಸರ್ಕಾರ ಅವುಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿದೆ. ಅವಳ ಮುಖ ಸುಧಾರಿಸಲು ಒಂದೂವರೆ ವರ್ಷ ಹಿಡಿಯಿತು. ಆ ಅವಧಿಯಲ್ಲಿ ಅವಳು ಒಂದು ಫೋಟೋ ತೆಗೆಸಿಕೊಳ್ಳಲಿಲ್ಲ.

ಇವಳದು ಚರ್ಮಕ್ಕೇ ಮುಗಿಯಿತು. ಕೇರಳದ ಮಲಪ್ಪುರಂ ಜಿಲ್ಲೆಯ ಕೋಟಕ್ಕಲ್‌ನಲ್ಲಿ 2021ರಿಂದ 2023ರವರೆಗೆ ಒಂದೇ ಬಗೆಯ ಮೂತ್ರಪಿಂಡದ ಕಾಯಿಲೆಯವರು ಒಬ್ಬರ ಹಿಂದೆ ಒಬ್ಬರು ಬಂದಾಗ ವೈದ್ಯರು ಬೆನ್ನು ಹತ್ತಿದರು. 22 ರೋಗಿಗಳಲ್ಲಿ 15 ಜನರಿಗೆ ಒಂದು ಅಪರೂಪದ ಲಕ್ಷಣವಿತ್ತು. ಆ 15ರಲ್ಲಿ 13 ಜನ ಬೆಳ್ಳಗಾಗುವ ಕ್ರೀಮು ಹಚ್ಚಿದವರು. ಅಂಥ ಕ್ರೀಮುಗಳಲ್ಲಿ ಪಾದರಸ ಸಿಕ್ಕಿತು. ಪಾದರಸ ಚರ್ಮದಲ್ಲಿ ಮೆಲನಿನ್ ಹುಟ್ಟುವುದನ್ನು ತಡೆಯುತ್ತದೆ, ಹಾಗೇ ಒಳಗೆ ಇಳಿದು ಮೂತ್ರಪಿಂಡಕ್ಕೆ ಹೋಗುತ್ತದೆ. ಮೆಲನಿನ್ ಇರುವುದಾದರೂ ಯಾಕೆ? ನಮ್ಮಂಥ ಬಿಸಿಲ ನಾಡಿನಲ್ಲಿ ಚರ್ಮವನ್ನು ಕಾಯಲು. ನಮ್ಮ ಕಾವಲುಗಾರನನ್ನು ನಾವೇ ದುಡ್ಡು ಕೊಟ್ಟು ಕೊಲ್ಲಿಸುತ್ತಿದ್ದೇವೆ.

ಬಣ್ಣದ ಮಾತು ಹೆಂಗಸರಿಗಷ್ಟೇ ಅಂತಲೂ ಅಲ್ಲ. 2023ರ ಆಗಸ್ಟಿನಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಬೆಂಗಳೂರಿನ ಒಬ್ಬ ಗಂಡನಿಗೆ ವಿಚ್ಛೇದನ ಕೊಟ್ಟಿತು. ಹೆಂಡತಿ ಅವನನ್ನು ಕಪ್ಪು ಅಂತ ಹೀಯಾಳಿಸುತ್ತಿದ್ದದ್ದು ಕ್ರೌರ್ಯ ಅಂತ ನ್ಯಾಯಾಲಯ ಹೇಳಿತು. ಇತ್ತ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಿನಂಚಿನಲ್ಲಿ ತಲೆಮಾರುಗಳಿಂದ ಬದುಕುತ್ತಿರುವ ಸಿದ್ದಿಗಳನ್ನು ನೆನೆಸಿಕೊಳ್ಳಿ. ಆಫ್ರಿಕಾ ಮೂಲದ ಅವರಿಗೆ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿದ್ದು 2003ರಲ್ಲಿ. ಕನ್ನಡ, ಕೊಂಕಣಿ, ಮರಾಠಿ ಮಾತಾಡುವ ಆ ಜನರನ್ನು ಪೇಟೆಯಲ್ಲಿ ಈಗಲೂ 'ಯಾವ ದೇಶ?' ಅಂತ ಕೇಳುವವರಿದ್ದಾರೆ. ಇಖ್ಲಾಸ್ ಖಾನನನ್ನು ಆನೆಯ ಮೇಲೆ ಕೂರಿಸಿದ ಸೀಮೆಯ ಪಕ್ಕದಲ್ಲೇ!

ಹೋದ ದೀಪಾವಳಿಗೆ ಇಳಕಲ್ಲಿಗೆ ಹೋಗಿದ್ದೆ. ದೊಡ್ಡವ್ವ ಈಗ ಇಲ್ಲ. ಅವಳ ಮೊಮ್ಮಗಳಿಗೆ ಗಂಡು ನೋಡುತ್ತಿದ್ದಾರೆ. ಪರಿಚಯದವರು ಕೊಟ್ಟ ಅಚ್ಚಾದ ಫಾರಂ ತುಂಬುತ್ತ ಕೂತಿದ್ದಳು. ಹೆಸರು, ರಾಶಿ, ನಕ್ಷತ್ರ, ಓದು, ಎತ್ತರ, ಸಂಬಳ. ಒಂದು ಕಡೆ ಪೆನ್ನು ನಿಂತಿತು.

"ಕಾಕಾ, ಇಲ್ಲಿ ಏನ್ ಬರೀಲಿ?"

ಮೈಬಣ್ಣ. ಎದುರಿಗೆ ಒಂದು ಗೆರೆ.

"ಗೆರಿ ಎಳದು ಬಿಡವ್ವಾ" ಅಂದೆ. ಅವಳು ಎಳೆದಳು. ಅಲ್ಲೇ ಕೂತಿದ್ದ ಅಣ್ಣ ನೋಡಿ, "ಖಾಲಿ ಬಿಟ್ರ ಕರ್ರಗ ಅದಾಳಂತ ತಿಳ್ಕೊಂಡ ಬಿಡತಾರಲೋ" ಅಂದ. ಅವನ ಮಾತು ತಪ್ಪಲ್ಲ, ಹಾಗೇ ತಿಳಿದುಕೊಳ್ಳುತ್ತಾರೆ. ನನ್ನ ಹತ್ತಿರ ಅದಕ್ಕೆ ಉತ್ತರ ಇರಲಿಲ್ಲ. ಹುಡುಗಿಯೇ ಹೇಳಿದಳು: "ತಿಳ್ಕೊಳ್ಳಿ ಬಿಡಪ್ಪಾ. ಅದಿನಲ್ಲ."

ಅವತ್ತು ಸಂಜೆ ಅಜ್ಜಿಯ ಟ್ರಂಕಿನಿಂದ ಚಂದ್ರಕಾಳಿ ತೆಗೆದು ಉಟ್ಟು, ಫೋಟೋ ತೆಗೆಯಲು ನನ್ನ ಕೈಗೆ ಮೊಬೈಲು ಕೊಟ್ಟಳು. ತೆಗೆದು ನೋಡಿದರೆ ಮುಖ ತಾನಾಗಿಯೇ ಬೆಳ್ಳಗೆ ಬಂದಿತ್ತು. ಆ ಸೆಟ್ಟಿಂಗ್ ಎಲ್ಲಿದೆ ಅಂತ ಹುಡುಕಿ ಆರಿಸಲು ಇಬ್ಬರಿಗೂ ಹತ್ತು ನಿಮಿಷ ಬೇಕಾಯಿತು. ಎರಡನೇ ಫೋಟೋದಲ್ಲಿ ಮುಖ ಮತ್ತು ಕೈ ಒಂದೇ ಬಣ್ಣ ಬಂತು.

ಬಯೋಡಾಟಾಕ್ಕೆ ಅದನ್ನೇ ಹಚ್ಚಿದ್ದಾರೆ. ಇನ್ನೂ ಯಾರೂ ಹೂಂ ಅಂದಿಲ್ಲ. ನಿಮ್ಮ ಮನೆಗೂ ಇಂಥ ಫಾರಂ ಬರುತ್ತಿರುತ್ತದಲ್ಲ, ಗಂಡಿನ ಕಡೆಯವರಾಗಿದ್ದರೆ ಆ ಒಂದು ಕಾಲಂ ಓದದೆ ಮುಂದೆ ಹೋಗಿ. ನಿಮ್ಮ ಸೀಮೆಯಲ್ಲಿ ಬಣ್ಣಕ್ಕೆ ಯಾವ ಯಾವ ಮಾತು ಬಳಸುತ್ತಾರೆ ಅಂತ ಬರೆಯಿರಿ, ತಿಳಿಯುವ ಆಸೆಯಿದೆ.